ಬ್ಯಾಟರಿ ಕೋಣೆಯ ಮೂರು ವಾರ

"ಇವೆಲ್ಲ ಸತ್ತು ಹೋಗಿವೆ ಮೇಡಂ."

ಅವಳು ಆಸ್ಪತ್ರೆಯ ಬ್ಯಾಟರಿ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಕೈಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು, ಇನ್ನೊಂದರಲ್ಲಿ ಅಪ್ಪನ ಸಾಮಾನಿನ ಚೀಲ. ಒಳಗೆ, ಅಪ್ಪ ಹದಿನಾರು ವರ್ಷ ಪ್ರತಿ ತಿಂಗಳೂ ಮಂಡಿಯೂರಿ ಕೂರುತ್ತಿದ್ದ ಅದೇ ಜಾಗದಲ್ಲಿ, ಯಾರೋ ಅಪರಿಚಿತ ಕೂತಿದ್ದ. ಅವನ ಕೈಯಲ್ಲೊಂದು ಮೀಟರು. ಎಂಟು ಬ್ಯಾಟರಿಗಳಲ್ಲಿ ನಾಲ್ಕರ ತಂತಿ ಆಗಲೇ ಬಿಚ್ಚಿಟ್ಟಿದ್ದ.

"ಯಾರನ್ನ ಕೇಳಿ ಮುಟ್ಟಿದ್ರಿ ಇವನ್ನ?"

ಅವನು ತಲೆಯೆತ್ತಿದ. ಮೂವತ್ತೈದರ ಆಸುಪಾಸು. ಕಣ್ಣಿನ ಕೆಳಗೆ ದಣಿವು, ಅಂಗಿಯ ಜೇಬಿನ ಮೇಲೆ ಯಾವುದೋ ಸೋಲಾರ್ ಕಂಪನಿಯ ಹೆಸರು.

"ಆಸ್ಪತ್ರೆಯವರೇ ಕರೆಸಿದ್ದು. ಹೊಸ ಸಿಸ್ಟಂ ಬರ್ತಿದೆ. ಹಳೇದರ ಸ್ಥಿತಿ ನೋಡ್ತಿದ್ದೆ."

"ಸ್ಥಿತಿ ನನ್ನನ್ನ ಕೇಳಿದ್ರೆ ಹೇಳ್ತಿದ್ದೆ. ನಾಲ್ಕು ಚೆನ್ನಾಗಿವೆ. ಎರಡಕ್ಕೆ ವಯಸ್ಸಾಗಿದೆ. ಎರಡು ಮಾತ್ರ ಹೋಗಿವೆ. ಎಲ್ಲಾ ಸತ್ತು ಹೋಗಿವೆ ಅನ್ನೋಕೆ ನೀವ್ಯಾರು?"

ಅವಳ ದನಿ ಕೊನೆಯಲ್ಲಿ ಒಡೆಯಿತು. ಅದು ಬ್ಯಾಟರಿಯ ಮೇಲಿನ ಸಿಟ್ಟಲ್ಲ ಎಂದು ಅವಳಿಗೇ ಗೊತ್ತಿತ್ತು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಈ ಎಂಟನ್ನೂ ತಮ್ಮ ಕೈಯಾರೆ ತಂದು ಕೂರಿಸಿದ್ದು ಅವರೇ. ಗೋಡೆಯ ಮೇಲೆ ನೀರು ತುಂಬಿಸಿದ ದಿನಾಂಕಗಳನ್ನು ಸೀಮೆಸುಣ್ಣದಲ್ಲಿ ಸಾಲುಸಾಲಾಗಿ ಬರೆದಿದ್ದರು. ಮೇಲಿನ ಸಾಲುಗಳು ಅಪ್ಪನ ಓರೆ ಅಕ್ಷರ. ಕೆಳಗಿನ ಎರಡು ವರ್ಷದ ಸಾಲುಗಳು ಅವಳದು.

ಅವನು ಆ ಗೋಡೆ ನೋಡಿದ. ಆಮೇಲೆ ಅವಳ ಕೈಯ ಕ್ಯಾನು ನೋಡಿದ. ಬಿಚ್ಚಿದ್ದ ತಂತಿಯನ್ನು ಒಂದೊಂದಾಗಿ ಮತ್ತೆ ಜೋಡಿಸತೊಡಗಿದ.

"ಹಾಗೆ ಹೇಳಬಾರದಿತ್ತು," ಎಂದ, ತಲೆ ಎತ್ತದೆಯೇ. "ತಪ್ಪಾಯ್ತು."

ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದವಳಿಗೆ ಮುಂದೇನು ಮಾಡಬೇಕೋ ತೋಚಲಿಲ್ಲ.

* * *

ಆ ಆಸ್ಪತ್ರೆ ಎರಡಂತಸ್ತಿನದು. ಕೆಳಗೆ ಹೆರಿಗೆ ವಾರ್ಡು, ಮೇಲೆ ಡಾಕ್ಟರಮ್ಮನ ಮನೆ. ಅವಳ ಬ್ಯಾಟರಿ ಅಂಗಡಿ ಎದುರಿನ ಓಣಿಯಲ್ಲೇ. ಅಪ್ಪ ಬಿಟ್ಟುಹೋದ ಅಂಗಡಿಯನ್ನು ಹೆಣ್ಣುಮಗಳೊಬ್ಬಳು ನಡೆಸುತ್ತಾಳಾ ಎಂದು ಮೂಗು ಮುರಿದವರೆಲ್ಲ ಈಗ ಅವಳನ್ನು 'ಬ್ಯಾಟರಿ ಅಕ್ಕ' ಎಂದೇ ಕರೆಯುತ್ತಿದ್ದರು. ಬಿಳಿ ಕೂದಲಿನ ಮುದುಕರೂ ಹಾಗೇ ಕರೆಯುವಾಗ ಅವಳಿಗೆ ನಗು ಬರುತ್ತಿತ್ತು.

ಅಂದು ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ನೋಡಮ್ಮ, ಮೊದಲೇ ನಿಂಗೆ ಹೇಳಬೇಕಿತ್ತು. ಹೇಗೆ ಹೇಳೋದು ಅಂತಲೇ ದಿನ ತಳ್ಳಿದೆ. ಕರೆಂಟು ದಿನಕ್ಕೆ ಮೂರು ಸಲ ಹೋಗತ್ತೆ. ಲಸಿಕೆ ಫ್ರಿಜ್ಜು, ಮಗೂನ ಬೆಚ್ಚಗಿಡೋ ಮಷೀನು, ಮೇಲೆ ನಮ್ಮ ಮನೆ... ಹಳೇದರಲ್ಲಿ ಇನ್ನು ಆಗಲ್ಲ."

"ನಾನೇನೂ ಬೇಡ ಅಂದಿಲ್ಲ ಡಾಕ್ಟರಮ್ಮ."

"ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದು ಅವರು ನಕ್ಕು, ಅವನ ಕಡೆ ತಿರುಗಿದರು. "ನೀನು ಪ್ಯಾನೆಲ್ಲು, ಹೊಸ ಬ್ಯಾಟರಿ ಎಲ್ಲ ಬಲ್ಲವನು. ಆದ್ರೆ ಈ ಕಟ್ಟಡದ ಗೋಡೆ ಒಳಗೆ ಯಾವ ತಂತಿ ಎಲ್ಲಿಗೆ ಹೋಗತ್ತೆ ಅಂತ ಗೊತ್ತಿದ್ದವರು ಇಬ್ಬರೇ. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ವೈರಿಂಗ್ ಮಾಡಿದ್ದು ಇವಳ ಅಪ್ಪ. ಅವರು ಇಲ್ಲ. ಇನ್ನುಳಿದಿರೋಳು ಇವಳೇ. ಇಬ್ಬರೂ ಕೂಡಿ ಮಾಡಿ."

ಪಕ್ಕದಲ್ಲಿ ನಿಂತಿದ್ದ ಡಾಕ್ಟರಮ್ಮನ ತಮ್ಮ, ಅಂದರೆ ಆಸ್ಪತ್ರೆಯ ಮ್ಯಾನೇಜರ್, ಗಂಟಲು ಸರಿಮಾಡಿಕೊಂಡ. "ಅಕ್ಕಾ, ಕಂಪನಿಯವರೇ ಎಲ್ಲ ನೋಡ್ಕೋತಾರೆ. ಅಂಗಡಿಯವರ ಕೈ ಯಾಕೆ ಇದರಲ್ಲಿ?"

"ಗೋಡೆ ಒಡೆದು ನೋಡ್ತಾರಾ ನಿನ್ನ ಕಂಪನಿಯವರು? ಬೇಕಾದ್ರೆ ನಿನ್ನ ರೂಮಿಂದಲೇ ಶುರು ಮಾಡ್ಲಿ."

ಮ್ಯಾನೇಜರ್ ಫೋನು ಹಿಡಿದು ಹೊರಗೆ ನಡೆದ.

* * *

ಮೊದಲ ಮೂರು ದಿನ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅವಳು ಕೋಣೆಯಿಂದ ಕೋಣೆಗೆ ನಡೆಯುತ್ತ, ಗೋಡೆಯ ಮೇಲೆ ಕೈಯಾಡಿಸುತ್ತ ಹೇಳುತ್ತಿದ್ದಳು. ಇಲ್ಲಿಂದ ಮೇಲೆ ಹೋಗತ್ತೆ, ಇಲ್ಲಿ ತಿರುಗತ್ತೆ, ಇದು ಫ್ರಿಜ್ಜಿಗೆ, ಇದು ವರಾಂಡಕ್ಕೆ. ಅವನು ದೊಡ್ಡ ಹಾಳೆಯೊಂದರಲ್ಲಿ ಗೆರೆ ಎಳೆಯುತ್ತಿದ್ದ. ಹೋಗುವ ತಂತಿಗೆ ಕೆಂಪು, ಮರಳುವ ತಂತಿಗೆ ನೀಲಿ.

"ಇಷ್ಟೆಲ್ಲ ಹೇಗೆ ನೆನಪಿದೆ ನಿಮಗೆ?"

"ಸ್ಕೂಲು ಬಿಟ್ಟ ಮೇಲೆ ನೇರವಾಗಿ ಇಲ್ಲಿಗೇ ಬರ್ತಿದ್ದೆ. ಹಳೇ ಲೈನು ರಿಪೇರಿಗೆ ಅಪ್ಪ ಏಣಿ ಮೇಲೆ, ನಾನು ಕೆಳಗೆ. ಕೇಳಿದ ಸ್ಕ್ರೂ ಕೊಡೋದು ನನ್ನ ಕೆಲಸ. ತಪ್ಪು ಸ್ಕ್ರೂ ಕೊಟ್ರೆ ಬೈತಿರಲಿಲ್ಲ. ಅದನ್ನೇ ತಿರುಗಿಸೋಕೆ ಹೋಗೋರು. ಆಗದೇ ಇದ್ದಾಗ ನನ್ನ ಮುಖ ನೋಡೋರು."

ಹೇಳುತ್ತಾ ಹೇಳುತ್ತಾ ಅವಳಿಗೆ ಆ ಸಂಜೆಗಳ ವಾಸನೆಯೇ ಬಂದಂತಾಯಿತು. ಆಸಿಡ್ಡಿನ ಹುಳಿ ವಾಸನೆ, ಬಿಸಿ ಸೀಸ, ಅಪ್ಪನ ಬೆವರು. ಅಪ್ಪನ ಯಾವ ಅಂಗಿಯೂ ತೂತಿಲ್ಲದೆ ಇರುತ್ತಿರಲಿಲ್ಲ. ಒಂದು ಹನಿ ಆಸಿಡ್ ಬಿದ್ದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಒಗೆದು ಹಿಂಡಿದಾಗ ತೂತು. ಅಮ್ಮ ಬೈಯುತ್ತಲೇ ಹೊಲಿಯುತ್ತಿದ್ದಳು. ಬ್ಯಾಟರಿಗೆ ನೀರು ಹಾಕುವಾಗ ಅಪ್ಪ ಮೆಲ್ಲಗೆ, "ಪಾಪ, ಬಾಯಾರಿದೆ," ಎನ್ನುತ್ತಿದ್ದರು. ಅವಳು ಹತ್ತು ವರ್ಷದವರೆಗೂ ಬ್ಯಾಟರಿಗಳಿಗೆ ನಿಜವಾಗಿಯೂ ಬಾಯಾರುತ್ತದೆ ಎಂದೇ ನಂಬಿದ್ದಳು.

ನಾಲ್ಕನೇ ದಿನ ಚಾವಣಿಯ ಮೇಲೆ ಕಬ್ಬಿಣದ ಚೌಕಟ್ಟು ಏರಿತು. ಡಾಕ್ಟರಮ್ಮನ ಬಟ್ಟೆ ಒಣಗುವ ಹಗ್ಗ ಒಂದು ಮೂಲೆಗೆ ಸರಿಯಿತು. ಪ್ಯಾನೆಲ್ಲುಗಳನ್ನು ಸಾಲಾಗಿ ಜೋಡಿಸುವಾಗ ಅವನು ಇದ್ದಕ್ಕಿದ್ದಂತೆ ಮಾತು ತೆಗೆದ.

"ನಮ್ಮಪ್ಪ ಸಿನಿಮಾ ಟಾಕೀಸಲ್ಲಿ ಪ್ರೊಜೆಕ್ಟರ್ ಓಡಿಸ್ತಿದ್ರು."

ಅವಳು ತಿರುಗಿ ನೋಡಿದಳು.

"ಹೊಸ ಮಷೀನು ಬಂದ ದಿನ ಯಾರೋ ಒಬ್ಬ ಹುಡುಗ ಬಂದು ಹಳೇದನ್ನ ಕಾಲಲ್ಲಿ ತಟ್ಟಿ, 'ಇದು ಸತ್ತು ಹೋಯ್ತು ಬಿಡಿ' ಅಂದನಂತೆ. ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ಆ ಹುಡುಗನ ಮೇಲೆ ನಂಗೆ ಎಷ್ಟು ವರ್ಷ ಸಿಟ್ಟಿತ್ತು ಗೊತ್ತಾ? ಆವತ್ತು ಅದೇ ಮಾತು ನನ್ನ ಬಾಯಿಂದಲೇ ಬಂತು. ನಿಮ್ಮ ಮುಖ ನೋಡಿದ ಮೇಲೆ ಗೊತ್ತಾಯ್ತು."

ಅವಳು ಕೈಯಲ್ಲಿದ್ದ ಸ್ಪ್ಯಾನರು ಅವನತ್ತ ಚಾಚಿದಳು.

"ಹನ್ನೆರಡನೇ ನಂಬರು ಬೇಕಿತ್ತಲ್ವಾ?"

ಅದು ಹತ್ತನೇ ನಂಬರು. ಅವನು ಅದರಿಂದಲೇ ಬೋಲ್ಟು ತಿರುಗಿಸಲು ಹೋದ. ಆಗಲಿಲ್ಲ. ಅವಳ ಮುಖ ನೋಡಿದ.

ಎರಡು ವರ್ಷದಲ್ಲಿ ಮೊದಲ ಬಾರಿ ಅವಳು ಮನಸಾರೆ ನಕ್ಕಳು.

* * *

ಆಮೇಲಿನ ದಿನಗಳು ಹೇಗೆ ಓಡಿದವೋ ಅವಳಿಗೆ ತಿಳಿಯಲಿಲ್ಲ. ಬೆಳಗ್ಗೆ ಅಂಗಡಿ ತೆರೆಯುವಾಗ ಕಣ್ಣು ಓಣಿಯ ತಿರುವಿಗೆ ಹೋಗುತ್ತಿತ್ತು. ಅವನ ಬೈಕಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ನಿಧಾನವಾಗುತ್ತಿತ್ತು. 'ಇದೇನು ಹುಚ್ಚು ನಂಗೆ... ಮೂವತ್ತೆರಡು ತುಂಬ್ತು,' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹೊಸ ಬ್ಯಾಟರಿ ಬಂದ ದಿನ ಮಾತ್ರ ಅವಳ ಮನಸ್ಸು ಕುಗ್ಗಿತು. ಗೋಡೆಗೆ ನೇತುಹಾಕುವ ಬಿಳಿ ಕಪಾಟಿನಂಥದ್ದು. ನೀರು ಬೇಡ, ವಾಸನೆಯಿಲ್ಲ, ಸದ್ದಿಲ್ಲ.

'ಇದಕ್ಕೆ ಬಾಯಾರೋದೇ ಇಲ್ಲ. ಇನ್ನು ನನ್ನ ಅಗತ್ಯ ಯಾರಿಗೆ?'

ಮ್ಯಾನೇಜರ್ ಬಂದು, "ಆ ಗೀಚಿರೋ ಗೋಡೆಗೆ ಬಣ್ಣ ಬಳಿದು ಅಲ್ಲೇ ಹಾಕಿ, ಚಂದ ಕಾಣತ್ತೆ," ಎಂದ.

"ಆ ಗೋಡೆ ಆಗಲ್ಲ ಸಾರ್. ಎದುರಿನ ಗೋಡೆಗೇ ಹಾಕಬೇಕು," ಎಂದನು ಇವನು.

"ಯಾಕೆ ಆಗಲ್ಲ?"

"ಟೆಕ್ನಿಕಲ್ ಕಾರಣ."

ಮ್ಯಾನೇಜರ್ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಏನು ಟೆಕ್ನಿಕಲ್ ಕಾರಣ?"

"ಅದು ನಿಮಗೂ ಗೊತ್ತಿದೆ, ನಂಗೂ ಗೊತ್ತಿದೆ. ಬಿಡಿ ಮೇಡಂ."

ಅವಳ ಕಣ್ಣು ತುಂಬಿ ಬಂತು. ಅವನಿಗೆ ಕಾಣಬಾರದೆಂದು ಚೀಲದಲ್ಲಿ ಏನೋ ಹುಡುಕುವವಳಂತೆ ಬಗ್ಗಿದಳು.

ಮೂರನೇ ವಾರದ ಕೊನೆಗೆ ಎಲ್ಲ ಸಿದ್ಧವಾಯಿತು. ಪರದೆಯ ಮೇಲಿನ ಅಂಕಿ ಓದುವುದು ಹೇಗೆ, ಬಿಸಿಲು ಎಷ್ಟು ಬಂತು, ಬ್ಯಾಟರಿಯಲ್ಲಿ ಎಷ್ಟು ಉಳಿಯಿತು... ಎಲ್ಲವನ್ನೂ ಅವನು ಅವಳಿಗೇ ಮೊದಲು ಕಲಿಸಿದ. ಹಳೆಯ ಬ್ಯಾಟರಿ, ಹಳೆಯ ಇನ್ವರ್ಟರ್ ಇನ್ನೊಂದು ವಾರ ಹಾಗೇ ಇರಲಿ, ಹೊಸದರ ಮೇಲೆ ಭರವಸೆ ಬಂದ ಮೇಲೆ ತೆಗೆಯೋಣ ಎಂದ. ಹೊರಡುವ ಮುನ್ನ ಚಾವಣಿಯ ಮೆಟ್ಟಿಲಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿಯನ್ನು ಎರಡು ಸಲ ಹಾಕಿ ತೆಗೆದ.

"ಮುಂದಿನ ಭಾನುವಾರ... ನೀವು ಅಂಗಡೀಲಿ ಇರ್ತೀರಾ?"

"ಇರ್ತೀನಿ. ಯಾಕೆ?"

"ಬರ್ತೀನಿ. ಆಸ್ಪತ್ರೆ ಕೆಲಸಕ್ಕಲ್ಲ."

ಅಷ್ಟೇ ಹೇಳಿ ಇಳಿದುಹೋದ. ಅವಳು ಅಲ್ಲೇ ಬಹಳ ಹೊತ್ತು ನಿಂತಿದ್ದಳು.

ಆದರೆ ಆ ಭಾನುವಾರ ಬರುವ ಮೊದಲೇ ಗುರುವಾರ ಬಂತು.

* * *

ಮಧ್ಯಾಹ್ನ ಮೂರು ಗಂಟೆ. ಮೋಡ ಕವಿದಿತ್ತು. ಬೀದಿಯ ಕರೆಂಟು ಹೋಗಿ ಹತ್ತು ನಿಮಿಷವಾಗಿತ್ತು. ಅಂಗಡಿಯಲ್ಲಿ ಕೂತಿದ್ದ ಅವಳ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಹಿರಿಯ ನರ್ಸಮ್ಮ.

"ಬೇಗ ಬಾರೇ! ಹೆರಿಗೆ ಕೋಣೇಲಿ ಕತ್ತಲೆ. ಮಗು ಬರ್ತಾ ಇದೆ!"

ಅವಳು ಅಂಗಡಿಗೆ ಬಾಗಿಲೂ ಹಾಕದೆ ಓಡಿದಳು. ಹೊಸ ಬೋರ್ಡಿನ ಮುಖ್ಯ ಸ್ವಿಚ್ಚು ಬಿದ್ದಿತ್ತು. ಎತ್ತಿದಳು. ಮತ್ತೆ ಬಿತ್ತು. ಮತ್ತೊಮ್ಮೆ ಎತ್ತಿದಳು... ಮತ್ತೆ ಬಿತ್ತು. ಒಳಗಿನಿಂದ ಹೆಣ್ಣಿನ ನರಳಾಟ, ಡಾಕ್ಟರಮ್ಮನ ದನಿ, "ಟಾರ್ಚು ಹತ್ತಿರ ಹಿಡಿ, ಇನ್ನೂ ಹತ್ತಿರ."

ಹುಡುಕುತ್ತ ಕೂರಲು ಹೊತ್ತಿರಲಿಲ್ಲ. ಅವಳು ಬ್ಯಾಟರಿ ಕೋಣೆಗೆ ಓಡಿ, ಹೋಗಿದ್ದ ಎರಡನ್ನೂ ವಯಸ್ಸಾದ ಎರಡನ್ನೂ ಬಿಟ್ಟು, ಚೆನ್ನಾಗಿದ್ದ ನಾಲ್ಕನ್ನು ಹಳೆಯ ಇನ್ವರ್ಟರಿಗೆ ಜೋಡಿಸಿದಳು. ಹೆರಿಗೆ ಕೋಣೆಯ ಲೈನನ್ನು ಹೊಸ ಬೋರ್ಡಿನಿಂದ ಬಿಡಿಸಿ ಹಳೆಯದಕ್ಕೆ ಕೊಟ್ಟಳು. ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಮಗುವಿನ ಅಳು ಕೇಳಿಸಿತು. ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು.

ಒಟ್ಟು ನಾಲ್ಕು ನಿಮಿಷ. ತಾಯಿ ಮಗು ಇಬ್ಬರೂ ಕ್ಷೇಮ.

ಅವನು ಇನ್ನೊಂದು ಊರಿನ ಕೆಲಸ ಬಿಟ್ಟು ಒಂದು ಗಂಟೆಯಲ್ಲಿ ಬಂದ. ತಾಯಿ ಮಗುವನ್ನು ವಾರ್ಡಿಗೆ ಸಾಗಿಸಿದ ಮೇಲೆ ಏಣಿ ಹಿಡಿದು ಹೆರಿಗೆ ಕೋಣೆಗೆ ಒಬ್ಬನೇ ಹೋಗಿ ಬಾಗಿಲು ಹಾಕಿಕೊಂಡ. ಹೊರಬಂದಾಗ ತಲೆತುಂಬ ಸುಣ್ಣದ ಪುಡಿ, ಮುಖದಲ್ಲಿ ರಕ್ತವಿಲ್ಲ.

ಡಾಕ್ಟರಮ್ಮ ಇನ್ನೂ ಬಾಣಂತಿಯ ಬಳಿ ಇದ್ದರು. ಕಚೇರಿಯಲ್ಲಿ ಮ್ಯಾನೇಜರ್ ಮೇಜು ಕುಟ್ಟಿ ಕೇಳಿದ. "ಕಾರಣ ಏನು?"

"ಬರೆದು ಕೊಡ್ತೀನಿ."

"ಲೈನಿನ ನಕ್ಷೆ ಯಾರು ಹೇಳಿದ್ದು? ಇವರೇ ತಾನೆ?"

ಅವನು ತಲೆಯ ಸುಣ್ಣದ ಪುಡಿ ಕೊಡವಿಕೊಂಡ.

"ನಾನು ಹೇಳಿದ್ದು ತಪ್ಪಿತ್ತಾ?" ಅವಳು ನೇರವಾಗಿ ಅವನನ್ನೇ ಕೇಳಿದಳು.

ಅವನು ಒಂದು ಕ್ಷಣ ಅವಳ ಕಣ್ಣನ್ನೇ ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡ.

"ಸರಿ, ಉತ್ತರ ಸಿಕ್ತಲ್ಲ," ಎಂದ ಮ್ಯಾನೇಜರ್. "ನಾನು ಮೊದಲೇ ಹೇಳಿದ್ದೆ. ಅಂಗಡಿಯವರ ಮಾತು ನಂಬಿ ಆಸ್ಪತ್ರೆ ನಡೆಸೋಕಾಗತ್ತಾ? ನೀವಿನ್ನು ಈ ಕಡೆ ಬರೋದು ಬೇಡಮ್ಮ."

ವರಾಂಡದಲ್ಲಿ ಅವನು ಹಿಂದೆಯೇ ಬಂದ. "ಮೇಡಂ, ಒಂದು ನಿಮಿಷ..."

"ಈಗ ಹೇಳ್ತೀರಾ? ಅಲ್ಲಿ ಹೇಳೋಕೆ ಏನಾಗಿತ್ತು?"

"ಇವತ್ತು ಏನೂ ಕೇಳಬೇಡಿ, ದಯವಿಟ್ಟು. ಸ್ವಲ್ಪ ದಿನ ಕೊಡಿ ನಂಗೆ."

"ನನ್ನ ಪರವಾಗಿ ಒಂದು ಮಾತು ಆಡಿ ಅಂತಲೂ ನಾನು ಕೇಳಲಿಲ್ಲ. ನಿಜ ಏನು ಅಂತ ಮಾತ್ರ ಕೇಳಿದೆ. ಅದಕ್ಕೂ ನಿಮಗೆ ಧೈರ್ಯ ಬರಲಿಲ್ಲ. ನೌಕರಿ ಮುಖ್ಯ ಅಲ್ವಾ? ಇಟ್ಕೊಳ್ಳಿ."

ಅವನ ಮುಖ ಬಿಳಿಚಿಕೊಂಡಿತು. ಅವಳು ಹಿಂತಿರುಗಿ ನೋಡದೆ ನಡೆದಳು.

ಭಾನುವಾರ ಅಂಗಡಿ ತೆರೆಯಲಿಲ್ಲ. ಅವನ ಫೋನು ಮೂರು ಸಲ ಬಂತು. ಎತ್ತಲಿಲ್ಲ. ಆಮೇಲೆ ಅದೂ ನಿಂತಿತು. ಆಸ್ಪತ್ರೆಗೆ ಬೇರೆ ಯಾರೋ ಎಂಜಿನಿಯರ್ ಬರುತ್ತಿದ್ದಾನೆ ಎಂದು ನರ್ಸಮ್ಮ ಹೇಳಿದಳು.

'ಓಡಿ ಹೋದ,' ಎಂದುಕೊಂಡಳು. ಹಾಗೆಂದುಕೊಂಡರೂ ಬೈಕಿನ ಸದ್ದು ಕೇಳಿದಾಗಲೆಲ್ಲ ತಲೆಯೆತ್ತುವುದು ಬಿಡಲಿಲ್ಲ. ಹತ್ತನೇ ನಂಬರಿನ ಸ್ಪ್ಯಾನರು ಕೈಗೆ ಸಿಕ್ಕರೆ ಎದೆಯೊಳಗೆ ಏನೋ ಚುಚ್ಚುತ್ತಿತ್ತು. ಮೂರೇ ವಾರ. ಆದರೆ ಎಷ್ಟೋ ವರ್ಷ ಹಿಂದೆ ಬಾಳಿದ ಕಾಲದಂತೆ ಅದು ನೆನಪಾಗುತ್ತಿತ್ತು.

* * *

ಐದು ವಾರದ ಮೇಲೆ ಡಾಕ್ಟರಮ್ಮ ತಾವೇ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು.

"ನೀನು ಬರೋದು ಬಿಟ್ಟಿದ್ದು ಯಾಕೆ ಅಂತ ನಂಗೆ ನಿನ್ನೆ ಗೊತ್ತಾಯ್ತು. ನಂಗೆ ಹೇಳಿದ್ದು ನಿನಗೇ ಬಿಡುವಿಲ್ಲ ಅಂತ. ನನ್ನ ತಮ್ಮನಿಗೆ ಸರಿಯಾಗಿ ಬೈದಿದ್ದೀನಿ, ಬಿಡು. ಮೊದಲು ಇದನ್ನ ಓದು."

ಕಂಪನಿಯ ವರದಿ. ಕೆಳಗೆ ಅವನ ಸಹಿ. ಅವಳು ನಿಂತಲ್ಲೇ ಓದಿದಳು.

'ಸ್ಥಳೀಯ ತಂತ್ರಜ್ಞರು ನೀಡಿದ ಮಾಹಿತಿ ಸಂಪೂರ್ಣವಾಗಿ ಸರಿಯಾಗಿತ್ತು. ಮರಳುವ ತಂತಿಯೊಂದನ್ನು ನಾನೇ ತಪ್ಪಾಗಿ ಜೋಡಿಸಿದ್ದೆ. ಹೊಣೆ ನನ್ನದು. ನಾಲ್ಕು ನಿಮಿಷದಲ್ಲಿ ಬೆಳಕು ಮರಳಿ ಬರಲು ಆ ತಂತ್ರಜ್ಞರೇ ಕಾರಣ.'

"ಸುಳ್ಳು," ಎಂದಳು ಅವಳು. "ಹೆರಿಗೆ ಕೋಣೆಯ ಜೋಡಣೆ ಮಾಡುವಾಗ ಪಕ್ಕದಲ್ಲೇ ಇದ್ದೆ ನಾನು. ಒಂದೂ ತಪ್ಪಿರಲಿಲ್ಲ."

"ಅವನನ್ನ ಆ ಕೆಲಸದಿಂದ ತೆಗೆದು ಗೋದಾಮಿಗೆ ಹಾಕಿದ್ದಾರಂತೆ. ವಾಪಸ್ ಬಂದ ಬ್ಯಾಟರಿ ಪರೀಕ್ಷೆ ಮಾಡ್ತಾ ಕೂತಿದ್ದಾನೆ." ಡಾಕ್ಟರಮ್ಮ ಎದ್ದರು. "ಯಾಕೆ ಹಾಗೆ ಬರೆದ ಅಂತ ನಂಗೆ ಗೊತ್ತಿಲ್ಲ. ನಿಂಗೆ ಗೊತ್ತಾಗಬಹುದು. ಕೋಣೆ ಖಾಲಿ ಇದೆ. ಹೋಗಿ ನೋಡು."

ಅವಳು ಏಣಿ ಹಾಕಿದಳು. ಹೆರಿಗೆ ಕೋಣೆಯ ಒಂದು ಮೂಲೆಯಲ್ಲಿ ಬೀರುವಿನ ಹಿಂದೆ ಹಳೆಯ ಪಾಯಿಂಟೊಂದು ಅಡಗಿತ್ತು. ಸುಣ್ಣ ಬಳಿಯಲೆಂದು ಬೀರು ಸರಿಸಿದ್ದಾಗ, ನರ್ಸಮ್ಮ ಆ ದಿನ ಅವಸರದಲ್ಲಿ ಒಂದು ಮಷೀನನ್ನು ಅದಕ್ಕೇ ಸಿಕ್ಕಿಸಿದ್ದಳಂತೆ; ಅವಳೇ ಬಂದು ತೋರಿಸಿದಳು. ಅಂಥ ಪಾಯಿಂಟೊಂದು ಇದೆ ಎಂಬುದು ಅಲ್ಲಿನ ತಂತಿಯನ್ನೆಲ್ಲ ಬಲ್ಲ ಬ್ಯಾಟರಿ ಅಕ್ಕನಿಗೇ ಗೊತ್ತಿರಲಿಲ್ಲ. ಏಣಿ ಹತ್ತಿ, ಅದರ ಮೇಲ್ಗಡೆ ತಂತಿಗಳು ಕೂಡುವ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಒಳಗೆ ಅವನು ಮಾಡಿದ ಹೊಸ ಜೋಡಣೆ, ಅಚ್ಚುಕಟ್ಟಾಗಿ. ಅದರ ಪಕ್ಕದಲ್ಲೇ ಕತ್ತರಿಸಿ ಬಿಟ್ಟ ಹಳೆಯ ಗಂಟೊಂದು. ಬಟ್ಟೆಯ ಟೇಪು, ಎಡಕ್ಕೆ ತಿರುಚಿದ ತಂತಿ.

ಎಲ್ಲರೂ ಬಲಕ್ಕೆ ತಿರುಚುತ್ತಾರೆ. ಎಡಕ್ಕೆ ತಿರುಚುತ್ತಿದ್ದವರು ಒಬ್ಬರೇ.

ಈ ಪಾಯಿಂಟಿಗೆ ಹೋಗುವ ತಂತಿ ಹೆರಿಗೆ ಕೋಣೆಯದು. ಮರಳುವ ತಂತಿ ಮಾತ್ರ ಮೇಲಿನ ಮನೆಯ ಲೈನಿನಿಂದ ಎರವಲು ತಂದದ್ದು. ಹಳೆಯ ವ್ಯವಸ್ಥೆಯಲ್ಲಿ ಅದು ನಡೆಯುತ್ತಿತ್ತು. ಹೊಸ ಬೋರ್ಡು ಮಾತ್ರ, ಹೋದಷ್ಟೇ ಕರೆಂಟು ತನ್ನ ದಾರಿಯಲ್ಲೇ ಮರಳಿತೇ ಎಂದು ನೋಡುತ್ತದೆ. ಮರಳದಿದ್ದರೆ ಎಲ್ಲವನ್ನೂ ಆರಿಸಿಬಿಡುತ್ತದೆ.

ತಪ್ಪು ಅಪ್ಪನದು. ಅದು ಅವನಿಗೆ ಆ ದಿನವೇ ಗೊತ್ತಾಗಿತ್ತು. ಗೊತ್ತಾಗಿ...

ಏಣಿಯ ಮೇಲೆಯೇ ಅವಳು ತಲೆಯನ್ನು ಗೋಡೆಗಾನಿಸಿ ಅತ್ತಳು.

* * *

ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಕೇಳಿದ ಮೇಲೆ ಒಂದು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಗಳನ್ನು ಹಾಕತೊಡಗಿದಳು.

"ಆ ಪಾಯಿಂಟು ನಂಗೆ ಗೊತ್ತು," ಎಂದಳು ಕೊನೆಗೆ.

"ನಿಂಗಾ?"

"ಆಸ್ಪತ್ರೆ ತೆರೆಯೋಕೆ ಇನ್ನೂ ನಾಲ್ಕು ದಿನ ಇತ್ತು. ನಿಮ್ಮಪ್ಪ ಅಲ್ಲಿ ವೈರಿಂಗ್ ಮಾಡ್ತಿದ್ರು. ನಾನು ಊಟದ ಡಬ್ಬಿ ಕೊಡೋಕೆ ಹೋದೋಳು, ಅಲ್ಲೇ ನೋವು ಶುರುವಾಯ್ತು. ಡಾಕ್ಟರಮ್ಮ ಮೇಲೆ ಸಾಮಾನು ಜೋಡಿಸ್ತಿದ್ರು. ಓಡಿ ಬಂದ್ರು. ಆ ಕೋಣೇಲಿ ದೀಪನೇ ಇರಲಿಲ್ಲ ಕಣೇ. ನಿಮ್ಮಪ್ಪ ಏಣಿ ಹತ್ತಿದ್ರು, ತಂತಿ ಸಾಲಲಿಲ್ಲ. ಎಲ್ಲಿಂದಲೋ ಒಂದನ್ನ ಎಳೆದು ಜೋಡಿಸಿ ದೀಪ ಹತ್ತಿಸಿದ್ರು. 'ಆಮೇಲೆ ಬಂದು ಸರಿ ಮಾಡ್ತೀನಿ' ಅಂತ ಡಾಕ್ಟರಮ್ಮಂಗೆ ಹೇಳಿದ್ದು ನನ್ನ ಕಿವೀಲಿ ಈಗಲೂ ಇದೆ."

"ಮತ್ತೆ ಸರಿ ಮಾಡಲಿಲ್ವಾ?"

"ಆಮೇಲೆ ನೀನು ಹುಟ್ಟಿದೆ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಒಂದು ವಾರ ಅವರಿಗೆ ತಲೆಯೇ ನೆಟ್ಟಗಿರಲಿಲ್ಲ. ಎಲ್ಲ ಮರೆತುಬಿಟ್ರು. ಆಮೇಲೆ ಮಂಚ ಆ ಕಡೆಯಿಂದ ಈ ಕಡೆಗೆ ಬಂತು, ದೀಪಾನೂ ಬದಲಾಯ್ತು."

ಅವಳು ಅಮ್ಮನ ಪಕ್ಕದಲ್ಲಿ ಕೂತು ಅದೇ ಅಂಗಿಯ ಮೇಲೆ ಕೈಯಿಟ್ಟಳು.

"ಅಪ್ಪನ ತಪ್ಪು ಅಂತ ಬರೆದು ಕೊಟ್ರೆ ನಿಂಗೆ ಬೇಜಾರಾಗತ್ತಾ ಅಮ್ಮ?"

"ನಿಮ್ಮಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಚಪ್ಪಲಿ ಮೆಟ್ಟಿ ಹೊರಟಿರೋರು. ನೀನ್ಯಾಕೆ ಇನ್ನೂ ಕೂತಿದ್ದೀಯ?"

* * *

ಮರುದಿನ ಬೆಳಗ್ಗೆ ಎರಡು ತಾಸಿನ ಬಸ್ ಪ್ರಯಾಣ. ಊರಾಚೆಯ ದೊಡ್ಡ ಶೆಡ್ಡು ಆ ಗೋದಾಮು. ಕನ್ನಡಕ ಹಾಕಿಕೊಂಡಿದ್ದ ಹಿರಿಯ ಮುಖ್ಯ ಎಂಜಿನಿಯರ್ ಅವಳ ಕಾಗದವನ್ನು ಎರಡು ಸಲ ಓದಿದರು. ಜೊತೆಗಿಟ್ಟಿದ್ದ ಆ ಹಳೆಯ ಗಂಟಿನ ಫೋಟೋ ನೋಡಿದರು.

"ನಿಮ್ಮ ತಂದೆಯವರ ವಿಷಯ ನೀವೇ ಬರೆದು ತಂದಿದ್ದೀರಿ."

"ನಿಜ ಅದು ಸಾರ್. ಆ ಪಾಯಿಂಟು ನಾನು ಹೇಳಿದ ನಕ್ಷೇಲೂ ಇರಲಿಲ್ಲ. ಅದು ನನ್ನ ತಪ್ಪು."

"ಆ ಕಾಲದಲ್ಲಿ ಎಲ್ಲರೂ ಹೀಗೆ ಎರವಲು ತಂತಿ ಹಾಕ್ತಿದ್ರು. ನಾನೂ ಹಾಕಿದ್ದೀನಿ." ಅವರು ಕನ್ನಡಕ ತೆಗೆದು ಒರೆಸಿದರು. "ಒಂದೊಂದು ಪಾಯಿಂಟನ್ನೂ ಪರೀಕ್ಷೆ ಮಾಡದೆ ಒಪ್ಪಿಸಿದ್ದು ನಮ್ಮ ತಪ್ಪು. ಅದಕ್ಕೆ ಅವನನ್ನ ಬೈತೀನಿ. ಸುಳ್ಳು ವರದಿ ಬರೆದಿದ್ದಕ್ಕೆ ಇನ್ನೂ ಜಾಸ್ತಿ ಬೈತೀನಿ. ಆದ್ರೆ ಸೋಮವಾರದಿಂದ ಅವನು ಚಾವಣಿ ಮೇಲಿರ್ತಾನೆ. ಹೋಗಿ, ಒಳಗಿದ್ದಾನೆ."

ಸಾಲುಸಾಲು ಪೆಟ್ಟಿಗೆಗಳ ನಡುವೆ ಅವನು ಕೆಳಗೆ ಕೂತು ಏನೋ ಬರೆಯುತ್ತಿದ್ದ. ಮೊದಲಿಗಿಂತ ಸೊರಗಿದ್ದ. ಹೆಜ್ಜೆ ಸದ್ದಿಗೆ ತಲೆಯೆತ್ತಿದವನು ಹಾಗೇ ಎದ್ದು ನಿಂತ.

"ಮೇಡಂ... ನೀವು ಇಲ್ಲಿ?"

"ನೀವ್ಯಾಕೆ ಸುಳ್ಳು ಬರೆದ್ರಿ?"

ಅವನು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

"ಏಣಿ ಹತ್ತಿ ನೋಡಿ ಬಂದಿದ್ದೀನಿ. ಎಡಕ್ಕೆ ತಿರುಚಿದ ಗಂಟು. ನಿಜ ಬರೆದು ನಿಮ್ಮ ಸಾರ್‌ಗೆ ಕೊಟ್ಟಾಯ್ತು."

"ಯಾಕೆ ಹಾಗೆ ಮಾಡಿದ್ರಿ?" ಅವನ ದನಿ ಗಡುಸಾಯಿತು. "ಮ್ಯಾನೇಜರ್ ಬಾಯಿಗೆ ಸಿಕ್ಕಿದ್ರೆ ಊರು ತುಂಬ ಹೇಳ್ತಾರೆ. ನಿಮ್ಮಪ್ಪನ ಕೆಲಸದಿಂದ ಒಂದು ಮಗು ಸಾಯ್ತಿತ್ತು ಅಂತ. ನೀವು ಅದನ್ನ ಕೇಳಿಸ್ಕೋಬಾರದು ಅಂತಲೇ..."

"ಅದಕ್ಕೇ ಆವತ್ತು ಮುಖ ತಿರುಗಿಸಿದ್ರಾ?"

"ನಿಮ್ಮ ನಕ್ಷೆ ಸರಿ ಅಂದ್ರೆ ಮತ್ತೆ ತಪ್ಪು ಯಾರದು ಅಂತ ಕೇಳ್ತಿದ್ರು. ಅಲ್ಲಿ ನಿಂತು ಸುಳ್ಳು ಹೇಳೋಕೆ ಬರಲಿಲ್ಲ. ಕಾಗದದ ಮೇಲೆ ಬಂತು." ಅವನು ಸ್ವಲ್ಪ ತಡೆದು ಹೇಳಿದ. "ನಮ್ಮಪ್ಪ ಊಟ ಬಿಟ್ಟು ಕೂತಿದ್ದನ್ನ ನೋಡಿದೋನು ನಾನು. ನಿಮ್ಮನ್ನ ಹಾಗೆ ನೋಡೋಕೆ ಆಗ್ತಿರಲಿಲ್ಲ."

ಅವಳು ಪೆಟ್ಟಿಗೆಯೊಂದರ ಮೇಲೆ ಕೂತಳು. ಅಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಕತ್ತಲೆಯ ಕೋಣೆ, ಸಾಲದ ತಂತಿ, ಏಣಿಯ ಮೇಲಿನ ಅಪ್ಪ, ಕೆಳಗೆ ಅಮ್ಮ. ಕೇಳುತ್ತ ಕೇಳುತ್ತ ಅವನೂ ಅವಳ ಎದುರಿಗೆ ನೆಲದ ಮೇಲೆ ಕೂತ.

"ಅಂದ್ರೆ ಆ ದೀಪ..."

"ನಂಗೋಸ್ಕರ ಹತ್ತಿಸಿದ್ದು. ಅಪ್ಪ ತಪ್ಪೇ ಮಾಡಲ್ಲ ಅಂದ್ಕೊಂಡಿದ್ದೆ ನಾನು. ಮಾಡ್ತಿದ್ರು ಅಂತ ಗೊತ್ತಾದ ಮೇಲೆ... ಹೇಗೆ ಹೇಳಲಿ... ಇನ್ನೂ ಹತ್ತಿರ ಆದ ಹಾಗಿದೆ. ನೀವು ಮುಚ್ಚಿಟ್ಟಿದ್ದು ಹಾಗೇ ಉಳಿದಿದ್ರೆ ನಂಗೆ ಈ ಕಥೆಯೇ ಸಿಗ್ತಿರಲಿಲ್ಲ."

ಅವನು ಕಣ್ಣು ಕೆಳಗೆ ಹಾಕಿದ. "ತಪ್ಪಾಯ್ತು."

"ನಂದೂ. ನೌಕರಿ ಇಟ್ಕೊಳ್ಳಿ ಅಂದೆನಲ್ಲ... ಆ ಮಾತು ಐದು ವಾರದಿಂದ ಚುಚ್ಚುತ್ತಾ ಇದೆ. ಇನ್ಮೇಲೆ ನನ್ನ ನೋವು ನಂಗೆ ಬಿಡಿ. ಹೊರೋಕೆ ಜೊತೆಗಿರಿ, ಬಚ್ಚಿಡಬೇಡಿ."

"ಜೊತೆಗೆ ಅಂದ್ರೆ?"

ಅವಳ ಕೆನ್ನೆ ಬೆಚ್ಚಗಾಯಿತು. "ಭಾನುವಾರ ಅಂಗಡಿಗೆ ಬರ್ತೀನಿ ಅಂದಿದ್ರಲ್ಲ. ಆಸ್ಪತ್ರೆ ಕೆಲಸಕ್ಕಲ್ಲ ಅಂತ. ಏನು ಹೇಳೋಕೆ ಅಂತ ಐದು ವಾರದಿಂದ ಯೋಚನೆ ಮಾಡ್ತಿದ್ದೀನಿ."

ಅವನು ಕೂತಲ್ಲೇ ನೆಟ್ಟಗಾದ.

"ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ. ಅಂಗಡಿ ಬಿಡಿ ಅಂತ ಹೇಳಲ್ಲ. ನಾನೇ ನಿಮ್ಮ ಓಣಿಗೆ ಬರ್ತೀನಿ. ಮೊದಲು ನಿಮ್ಮನ್ನ ಕೇಳಿ, ಆಮೇಲೆ ಅಮ್ಮನ್ನ ಕೇಳೋಣ ಅಂತಿದ್ದೆ. ಇಷ್ಟೇ. ಮೂರು ದಿನ ಇದನ್ನ ಬಾಯಿಪಾಠ ಮಾಡಿದ್ದೆ. ಆಗ ಇನ್ನೂ ಚೆನ್ನಾಗಿತ್ತು."

ಅವಳು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅವನು ತನ್ನ ಕರವಸ್ತ್ರ ತೆಗೆದು ನೋಡಿ, ಅದರ ತುಂಬ ಧೂಳಿದೆಯೆಂದು ಮತ್ತೆ ಜೇಬಿಗೆ ಹಾಕಿಕೊಂಡ. ಅವಳು ಅವನ ಕೈಯನ್ನೇ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಅದರ ತುಂಬವೂ ಧೂಳಿತ್ತು.

"ಮೊದಲನೇ ಪ್ರಶ್ನೆಗೆ ಉತ್ತರ ಸಿಕ್ತು ಅಂದ್ಕೋ," ಎಂದಳು ಮೆಲ್ಲಗೆ.

'ಕೊಳ್ಳಿ' ಎನ್ನದೆ 'ಕೋ' ಎಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

ಊಟದ ವಿರಾಮದಲ್ಲಿ ಅವನು ಅವಳನ್ನು ಬಸ್ ನಿಲ್ದಾಣದವರೆಗೆ ಕರೆದುಕೊಂಡು ಹೋದ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಧೂಳೆಬ್ಬಿಸುತ್ತ ಬಸ್ಸೊಂದು ಬಂದು ನಿಂತಿತು, ಇಬ್ಬರು ಇಳಿದರು.

"ಇದು ನಿನ್ನ ಬಸ್ಸಲ್ವಾ?"

"ಹೌದು."

"ಹತ್ತಲ್ವಾ?"

"ಮುಂದಿನದಕ್ಕೆ ಹೋಗ್ತೀನಿ."

"ಮುಂ​ದಿನದಕ್ಕೆ ಇನ್ನೂ ಒಂದೂವರೆ ಗಂಟೆ ಇದೆ."

"ಗೊತ್ತು," ಎಂದಳು ಅವಳು, ಸ್ವಲ್ಪ ಹತ್ತಿರ ಸರಿದು ಕೂತು.